ಲಾರಿ ಗುದ್ದಿದ ಮೇಲೆ: ಯಾವ ಕಾಗದ, ಯಾವ ಬಾಗಿಲು, ಎಷ್ಟು ದಿನ

ನಾನು ಶಿವಮೊಗ್ಗದಲ್ಲಿ ವಕೀಲರೊಬ್ಬರ ಕಚೇರಿಯ ಗುಮಾಸ್ತ. ಅಪಘಾತದ ಕೇಸಿನವರು ಬಂದರೆ ಅವರು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ. ಕೈಯಲ್ಲೊಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಸುರುಳಿ ಸುತ್ತಿದ ಎಕ್ಸ್‌ರೇ, ಮಡಚಿ ಮಡಚಿ ಹರಿದ ಡಿಸ್ಚಾರ್ಜ್ ಚೀಟಿ, ಅಕ್ಷರ ಮಾಸಿದ ಔಷಧಿ ಬಿಲ್ಲುಗಳು. ಕೂತವರ ಮೊದಲ ಮಾತೂ ಹೆಚ್ಚುಕಡಿಮೆ ಒಂದೇ: "ಸಾರ್, ಲಾರಿ ಓವರ್‌ಲೋಡ್ ಇತ್ತು. ಊರಿಗೇ ಗೊತ್ತು."

ಊರಿಗೆ ಗೊತ್ತಿದ್ದರೆ ಸಾಲದು. ಆ ಹೊತ್ತಿಗೆ ಲಾರಿಯ ಲೋಡು ಬೇರೆ ಗಾಡಿಗೆ ಹೋಗಿ, ಎಲ್ಲಿಗೆ ತಲುಪಬೇಕೋ ಅಲ್ಲಿಗೆ ತಲುಪಿ, ಯಾರದೋ ಮನೆಯ ತಳಪಾಯವೂ ಆಗಿರುತ್ತದೆ. ತೂಕ ಹಾಕಿದವರು ಯಾರೂ ಇರುವುದಿಲ್ಲ. ಹಾಗಾಗಿ ಏನು ಮಾಡಬೇಕು ಎನ್ನುವುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಗಾಯವಾದವರು ಆಸ್ಪತ್ರೆಯಲ್ಲಿ ಮಲಗಿರುತ್ತಾರೆ, ಓಡಾಡುವವರು ಮನೆಯವರು. ಈ ಲೇಖನ ಮುಖ್ಯವಾಗಿ ಅವರಿಗೆ.

ಓವರ್‌ಲೋಡ್ ಅಂದರೆ ಕಾನೂನಿನಲ್ಲಿ ಏನು

ಪ್ರತಿ ಲಾರಿಯ ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯ ತೂಕ, ಲೋಡು ಸಹಿತ ಇರಬಹುದಾದ ಒಟ್ಟು ತೂಕ. ಆರು ಚಕ್ರದ ಎರಡು ಆಕ್ಸಲ್ ಲಾರಿಗೆ ಮೊದಲು ಒಟ್ಟು 16.2 ಟನ್ ಮಿತಿ ಇತ್ತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು 18.5 ಟನ್‌ಗೆ ಏರಿಸಿತು. ಹತ್ತು ಚಕ್ರದ ಲಾರಿಗೆ 25 ಇದ್ದದ್ದು 28.5 ಟನ್ ಆಯಿತು. ಹಳೆಯ ಗಾಡಿಯಾದರೆ ಅದರ ಆರ್‌ಸಿಯಲ್ಲಿ ಏನಿದೆಯೋ ಅದನ್ನೇ ನೋಡಬೇಕು.

ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ, ಹೆಚ್ಚುವರಿ ಲೋಡು ಇಳಿಸುವ ಖರ್ಚು ಬೇರೆ. ಓಡಿಸಿದವನಿಗಷ್ಟೇ ಅಲ್ಲ, ಹಾಗೆ ಓಡಿಸಲು ಬಿಟ್ಟವನಿಗೂ ಇದು ಅನ್ವಯಿಸುತ್ತದೆ. ದಿಮ್ಮಿ, ಕಬ್ಬಿಣದ ಸರಳು, ಹುಲ್ಲು ಇಂಥವು ಬಾಡಿಯಿಂದ ಪಕ್ಕಕ್ಕೋ ಹಿಂದಕ್ಕೋ ಚಾಚಿಕೊಂಡಿದ್ದರೆ ಅದೂ ಪ್ರತ್ಯೇಕ ತಪ್ಪು, ಅದಕ್ಕೂ 20,000.

ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಈ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಗಾಯವಾದವರಿಗೆ ಅದರಲ್ಲಿ ಒಂದು ಕಾಸೂ ಇಲ್ಲ. ಲಾರಿ ಐದು ಟನ್ ಹೆಚ್ಚು ಹೊತ್ತಿತ್ತು ಎಂದು ಸಾಬೀತಾದರೂ ಪರಿಹಾರದ ಮೊತ್ತ ಆ ಕಾರಣಕ್ಕೆ ಏರುವುದಿಲ್ಲ. ಹಾಗಾದರೆ ತೂಕದ ಪುರಾವೆ ಯಾಕೆ? ತಪ್ಪು ಯಾರದು ಎಂಬ ಪ್ರಶ್ನೆಗೆ. "ಬೈಕಿನವನೇ ರಾಂಗ್ ಸೈಡಿನಲ್ಲಿ ಬಂದ" ಎಂದು ಎದುರಿನವರು ಹೇಳಿದಾಗ, ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ ಮಿತಿ ಮೀರಿದ ಜಲ್ಲಿ ಹೊತ್ತ ಗಾಡಿ ತಿರುವಿನಲ್ಲಿ ತನ್ನ ಪಾಲಿನ ರಸ್ತೆಯಲ್ಲಿ ನಿಲ್ಲಲಾಗಲಿಲ್ಲ ಎಂದು ತೋರಿಸಲು ತೂಕದ ಚೀಟಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಭಾರ ಹೆಚ್ಚಾದಷ್ಟೂ ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಘಾಟಿ ಇಳಿದ ಡ್ರೈವರ್ ಯಾರನ್ನು ಕೇಳಿದರೂ ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಬಾಯಿಂದ ಬರುವ ಮೊದಲ ವಾಕ್ಯ

108 ಅಥವಾ 112ಕ್ಕೆ ಕರೆ ಮಾಡಿ. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತವಾದ ದಿನದಿಂದ ಏಳು ದಿನಗಳವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿ ಮೀರದಂತೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು. ಗಾಯಾಳು ಬಡವನೇ, ತಪ್ಪು ಯಾರದು ಎಂದೆಲ್ಲ ಇಲ್ಲಿ ಕೇಳುವುದಿಲ್ಲ, ಆದರೆ ರಸ್ತೆ ಅಪಘಾತ ಎಂದು ಪೊಲೀಸರು ದೃಢಪಡಿಸಬೇಕು. ದಾಖಲಾಗುವಾಗಲೇ "ಈ ಯೋಜನೆಯಲ್ಲಿ ಸೇರಿಸಿ" ಎಂದು ಕೇಳಿ. ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ಸುತ್ತಾಟ ಜಾಸ್ತಿ.

ಇನ್ನು ನಾನು ಕಂಡ ಅತಿ ದುಬಾರಿ ತಪ್ಪು. ನಮ್ಮ ಭಾವನಿಗೇ ಆದದ್ದು. ಆನಂದಪುರದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದಾಗ ಅಕೇಶಿಯಾ ದಿಮ್ಮಿ ತುಂಬಿದ ಲಾರಿ ಓವರ್‌ಟೇಕ್ ಮಾಡುವಾಗ ಹಿಂದೆ ಚಾಚಿದ ದಿಮ್ಮಿ ಹೆಗಲಿಗೆ ಬಡಿದು ಬಿದ್ದ. ಹತ್ತಿರದ ಒಂದು ಆಸ್ಪತ್ರೆಗೆ ಕರೆದೊಯ್ದವರು ಯಾರೋ ಪುಣ್ಯಾತ್ಮರು. "ಪೊಲೀಸ್ ಕೇಸ್ ಆದ್ರೆ ಚಿಕಿತ್ಸೆ ತಡ ಆಗ್ತದೆ" ಎಂದು ಹೆದರಿ "ಬೈಕಿಂದ ಬಿದ್ದದ್ದು" ಎಂದು ಬರೆಸಿದರು. ಕೇಸ್ ಶೀಟಿನಲ್ಲಿ ಆ ಒಂದು ಸಾಲು ಉಳಿಯಿತು. ಮುಂದೆ ವಿಚಾರಣೆಯಲ್ಲಿ ವಿಮಾ ಕಂಪನಿಯ ವಕೀಲರು ಬೇರೆ ಏನನ್ನೂ ಕೇಳಲಿಲ್ಲ, ಆ ಸಾಲನ್ನೇ ಮೂರು ಸಲ ಓದಿಸಿದರು. ಡಾಕ್ಟರನ್ನು ಸಾಕ್ಷಿಗೆ ಕರೆಸಿ, ಆ ಮಾತು ಗಾಯಾಳು ಹೇಳಿದ್ದಲ್ಲ, ಕರೆತಂದವರು ಹೇಳಿದ್ದು ಎಂದು ಹೊರತರುವಷ್ಟರಲ್ಲಿ ಒಂದೂವರೆ ವರ್ಷ ಹೋಯಿತು.

ಆದ್ದರಿಂದ ಸತ್ಯವನ್ನೇ, ಪೂರ್ತಿಯಾಗಿ ಬರೆಸಿ: ಎಲ್ಲಿ, ಎಷ್ಟು ಹೊತ್ತಿಗೆ, ಲಾರಿ ಗುದ್ದಿದ್ದು, ನಂಬರ್ ಗೊತ್ತಿದ್ದರೆ ಅದೂ. ಎಂಎಲ್‌ಸಿ ಮಾಡಿಸಿ, ಅಂದರೆ ಆಸ್ಪತ್ರೆಯಿಂದಲೇ ಠಾಣೆಗೆ ಮಾಹಿತಿ ಹೋಗುವ ದಾಖಲೆ. ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ, ಅಲ್ಲಿಂದ ಮಣಿಪಾಲಕ್ಕೆ ಹೀಗೆ ಸಾಗಿಸಿದರೆ ಪ್ರತಿ ಕಡೆಯೂ ಒಂದೇ ವಿವರ ಇದೆಯೇ ನೋಡಿಕೊಳ್ಳಿ. ತಪ್ಪು ಬರೆದಿದ್ದು ಆಗಲೇ ಕಂಡರೆ ಆಗಲೇ ತಿದ್ದಿಸಬಹುದು.

ಕರೆತಂದ ದಾರಿಹೋಕರಿಗೆ ಧೈರ್ಯ ಹೇಳಿ. ಕಾಯ್ದೆಯ 134-ಎ ಕಲಂ ಅವರನ್ನು ರಕ್ಷಿಸುತ್ತದೆ. ಇಷ್ಟವಿಲ್ಲದಿದ್ದರೆ ಹೆಸರು ಹೇಳಬೇಕಾಗಿಲ್ಲ, ಆಸ್ಪತ್ರೆ ಅವರನ್ನು ಹಿಡಿದಿಡುವಂತಿಲ್ಲ.

ಲೋಡು ಖಾಲಿಯಾಗುವ ಮುಂಚೆ

ಮನೆಯವರಲ್ಲಿ ಇಬ್ಬರು ಆಸ್ಪತ್ರೆಯಲ್ಲಿದ್ದರೆ ಮೂರನೆಯವರು ಸ್ಥಳಕ್ಕೆ ಹೋಗಬೇಕು. ಕ್ರೂರ ಮಾತು ಅನ್ನಿಸಬಹುದು, ಆದರೆ ಲಾರಿ ಅಲ್ಲಿ ಇರುವುದು ಕೆಲವೇ ಗಂಟೆ. ಟ್ರಾಫಿಕ್ ಜಾಮ್ ಬಿಡಿಸಲು ಜೆಸಿಬಿ ಬರುತ್ತದೆ, ಮಾಲೀಕನ ಇನ್ನೊಂದು ಗಾಡಿಯೂ ಬರುತ್ತದೆ.

ಮೊಬೈಲಿನಲ್ಲಿ ತೆಗೆಯಬೇಕಾದದ್ದು ರಕ್ತದ ಕಲೆಯಷ್ಟೇ ಅಲ್ಲ. ನಂಬರ್ ಪ್ಲೇಟು ಕಾಣುವ ಹಾಗೆ ಇಡೀ ಲಾರಿ. ಬಾಡಿಯ ಹಲಗೆಗಿಂತ ಎಷ್ಟು ಮೇಲಕ್ಕೆ ಲೋಡು ಇದೆ, ಹಲಗೆಯ ಮೇಲೆ ಹಲಗೆ ಏರಿಸಿದ್ದಾರೆಯೇ. ಹಿಂದಿನ ಪ್ಲೇಟುಗಳು, ಅಂದರೆ ಲೀಫ್ ಸ್ಪ್ರಿಂಗು, ನೇರ ಆಗುವಷ್ಟು ಕುಸಿದಿವೆಯೇ. ಟಯರಿನ ಹೊಟ್ಟೆ ಉಬ್ಬಿದೆಯೇ, ಸವೆದಿದೆಯೇ. ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ, ಟಾರ್ಪಾಲು ಇಳಿಬಿದ್ದು ಲೈಟು ಮುಚ್ಚಿದೆಯೇ. ರಸ್ತೆಯ ಮೇಲಿನ ಬ್ರೇಕಿನ ಗುರುತು, ಅದರ ಉದ್ದ. ಮಲೆನಾಡಿನ ಮಳೆಗಾಲದಲ್ಲಿ ಈ ಗುರುತು ಅರ್ಧ ಗಂಟೆ ನಿಂತರೆ ಹೆಚ್ಚು. ವಾಟ್ಸಾಪಿನಲ್ಲಿ ಹಂಚಿದ ಪ್ರತಿ ಇರಲಿ, ಆದರೆ ತೆಗೆದ ಮೊಬೈಲಿನಲ್ಲಿರುವ ಮೂಲ ಚಿತ್ರ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ತೆಗೆದವರ ಪ್ರಮಾಣಪತ್ರ ಬೇಕಾಗುತ್ತದೆ.

ತನಿಖಾಧಿಕಾರಿಗೆ ಒಂದು ಅರ್ಜಿ ಬರೆದುಕೊಡಿ: "ಲೋಡು ಇಳಿಸುವ ಮೊದಲು ಲಾರಿಯನ್ನು ತೂಕ ಮಾಡಿಸಬೇಕು." ಬಿಳಿ ಹಾಳೆ ಸಾಕು, ಆದರೆ ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಗಾಡಿಯನ್ನು ವೇ ಬ್ರಿಡ್ಜಿಗೆ ಒಯ್ದು ತೂಗಿಸುವ ಅಧಿಕಾರ ಕಾಯ್ದೆಯ 114ನೇ ಕಲಮಿನಲ್ಲಿದೆ. ಮಾಡಿಸದೆ ಹೋದರೂ ನಷ್ಟವಿಲ್ಲ. ಕೇಳಿದ್ದೆವು ಎಂಬುದಕ್ಕೆ ಆ ಸೀಲೇ ಸಾಕ್ಷಿ.

ತೂಕ ಮಾಡಿಸದೆ ಗಾಡಿ ಹೋಯಿತೇ? ಕಾಗದದ ಜಾಡು ಹಿಡಿಯಿರಿ. ಮರಳು, ಜಲ್ಲಿ, ಎಂ ಸ್ಯಾಂಡ್, ಸೈಜುಗಲ್ಲು ಆದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿ ಇರಬೇಕು, ಅದರಲ್ಲಿ ಗಾಡಿ ನಂಬರು, ಪ್ರಮಾಣ, ಹೊರಟ ಹೊತ್ತು ಇರುತ್ತದೆ. ಪರವಾನಗಿಯೇ ಇಲ್ಲ ಎಂದಾದರೆ ಅದೂ ಒಂದು ಕಥೆ ಹೇಳುತ್ತದೆ. ದಿಮ್ಮಿಯಾದರೆ ಅರಣ್ಯ ಇಲಾಖೆಯ ರಹದಾರಿ. ಅಡಿಕೆ, ಮೆಕ್ಕೆಜೋಳ, ಶುಂಠಿ, ಸಿಮೆಂಟ್ ಆದರೆ ಬಿಲ್ಲು, ಇ-ವೇ ಬಿಲ್ಲು, ಲೋಡು ಮಾಡಿದ ಕಡೆಯ ತೂಕದ ಚೀಟಿ. ಇವನ್ನೆಲ್ಲ ನೀವೇ ಹೋಗಿ ಕೇಳಿದರೆ ಕೊಡುವುದಿಲ್ಲ. ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಯ ಮುಂದೆ ನಿಮ್ಮ ವಕೀಲರು ಅರ್ಜಿ ಹಾಕಿ ತರಿಸಬಹುದು. ನೀವು ಮಾಡಬೇಕಾದ್ದು ಲೋಡು ಏನು, ಎಲ್ಲಿಂದ ಬಂತು ಎಂಬುದನ್ನು ಬರೆದಿಟ್ಟುಕೊಳ್ಳುವುದು.

ದಾರಿಯ ಪೆಟ್ರೋಲ್ ಬಂಕು, ಅಂಗಡಿಗಳ ಸಿಸಿಟಿವಿ ಕೆಲವೇ ದಿನಗಳಲ್ಲಿ ತಾನೇ ಅಳಿಸಿಕೊಳ್ಳುತ್ತದೆ. ಬಂಕಿನವರು ಪರಿಚಯಸ್ಥರಾದರೆ ಅದೇ ದಿನ ಹೋಗಿ. ಇಲ್ಲವಾದರೆ ಆ ಕ್ಯಾಮೆರಾ ಎಲ್ಲಿದೆ ಎಂದು ಪೊಲೀಸರಿಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ.

ಠಾಣೆ

ಎಫ್‌ಐಆರ್ ಇಲ್ಲದೆ ಮುಂದಿನ ಯಾವುದೂ ಸುಲಭವಲ್ಲ. ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125 (ಗಾಯ, ತೀವ್ರ ಗಾಯ), ಸಾವು ಸಂಭವಿಸಿದರೆ 106 ಹಾಕುತ್ತಾರೆ. ಓವರ್‌ಲೋಡ್ ಕಂಡಿದ್ದರೆ ದೂರಿನಲ್ಲೇ ಹೇಳಿ, 194ನೇ ಕಲಮೂ ಸೇರಲಿ ಎಂದು ಕೇಳಿ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಚಿಕಿತ್ಸೆಯ ಓಡಾಟದಲ್ಲಿ ದೂರು ನಾಲ್ಕು ದಿನ ತಡವಾದರೆ ಅಷ್ಟಕ್ಕೇ ಪರಿಹಾರದ ಅರ್ಜಿ ಬೀಳುವುದಿಲ್ಲ. ಯಾಕೆ ತಡ ಎಂದು ದೂರಿನಲ್ಲೇ ಒಂದು ಸಾಲು ಬರೆದರಾಯಿತು.

ಕೂಡಿಡಬೇಕಾದ ಪೊಲೀಸ್ ಕಾಗದಗಳು: ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ (ಐಎಂವಿ ಎನ್ನುತ್ತಾರೆ), ಗಾಯದ ಪ್ರಮಾಣಪತ್ರ, ಕೊನೆಗೆ ದೋಷಾರೋಪಣ ಪಟ್ಟಿ. ಐಎಂವಿ ವರದಿಯಲ್ಲಿ ಸಾಮಾನ್ಯವಾಗಿ ಬ್ರೇಕು ಸರಿಯಿತ್ತು, ಯಾಂತ್ರಿಕ ದೋಷದಿಂದ ಆದ ಅಪಘಾತವಲ್ಲ ಎಂದಿರುತ್ತದೆ. ಜನ ಅದನ್ನು ನೋಡಿ ಕೇಸು ಹೋಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ, ಅದು ನಿಮಗೇ ಅನುಕೂಲ: ಗಾಡಿ ಸರಿಯಿತ್ತು ಅಂದಮೇಲೆ ತಪ್ಪು ಓಡಿಸಿದವನದು.

2022ರ ನಿಯಮಗಳ ಪ್ರಕಾರ ತನಿಖಾಧಿಕಾರಿಯೇ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, ಗಾಯಾಳುವಿನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ಹತ್ತು ದಿನದೊಳಗೆ ಕೈಗೆ ಕೊಡಬೇಕು, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯಾಗಿ ಪರಿಗಣಿಸಲು ಕಾನೂನಿನಲ್ಲಿ ದಾರಿಯಿದೆ. ಅದನ್ನು ನಂಬಿ ಸುಮ್ಮನೆ ಕೂರಬೇಡಿ ಎನ್ನುವುದು ನನ್ನ ಸಲಹೆ. ನಿಮ್ಮ ಅರ್ಜಿ ನೀವು ಹಾಕಿ.

ನಾಲ್ಕು ಬಾಗಿಲು

ಮುಖ್ಯ ಬಾಗಿಲು 166ನೇ ಕಲಂ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಲಾರಿಯ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ ಅರ್ಜಿ. ಚಾಲಕನ ತಪ್ಪು ತೋರಿಸಬೇಕು. ಆದರೆ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಡ, ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಎಂದು ತೋರಿಸಿದರೆ ಸಾಕು. ಕ್ರಿಮಿನಲ್ ಕೋರ್ಟಿನಲ್ಲಿ ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಸಾಯುವುದಿಲ್ಲ. ಈ ದಾರಿಯಲ್ಲಿ ಮೊತ್ತಕ್ಕೆ ಮೇಲ್ಮಿತಿ ಇಲ್ಲ.

ಅರ್ಜಿಯನ್ನು ಅಪಘಾತ ನಡೆದಲ್ಲಿ, ನೀವು ವಾಸಿಸುವಲ್ಲಿ, ಇಲ್ಲವೇ ಎದುರುದಾರ ವಾಸಿಸುವಲ್ಲಿ ಹಾಕಬಹುದು. ಚಿತ್ರದುರ್ಗದ ಹತ್ತಿರ ಗುದ್ದಿಸಿಕೊಂಡ ತೀರ್ಥಹಳ್ಳಿಯವರು ಪ್ರತಿ ವಾಯಿದೆಗೂ ಚಿತ್ರದುರ್ಗಕ್ಕೆ ಬಸ್ಸು ಹತ್ತಬೇಕಿಲ್ಲ.

ಎರಡನೆಯದು 164. ತಪ್ಪು ಯಾರದೆಂದು ತೋರಿಸುವ ಗೋಜಿಲ್ಲ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ, ಅಷ್ಟೇ. ಬೇಗ ಸಿಗುತ್ತದೆ ಎಂದು ಇದನ್ನು ಒಪ್ಪಿಕೊಂಡು ಹಣ ಪಡೆದರೆ 166ರ ಅರ್ಜಿ ಅಲ್ಲಿಗೆ ಮುಗಿಯಿತು. ತಪ್ಪು ನಿಮ್ಮ ಕಡೆಯವರದೇ ಎಂಬಂತೆ ಕಾಗದಗಳಿದ್ದರೆ ಇದು ಒಳ್ಳೆಯ ದಾರಿ. ಕಾಲು ಕಳೆದುಕೊಂಡ ಮೂವತ್ತರ ಹರೆಯದವನಿಗೆ ಇದು ತೀರಾ ಅನ್ಯಾಯದ ಮೊತ್ತ.

ಮೂರನೆಯದು, ಲಾರಿ ಯಾವುದೆಂದೇ ಗೊತ್ತಾಗದಿದ್ದಾಗ. ರಾತ್ರಿ ಗುದ್ದಿ ಹೋದ ಗಾಡಿ ಕೊನೆಗೂ ಪತ್ತೆಯಾಗದಿದ್ದರೆ 161ನೇ ಕಲಮಿನ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಇದಕ್ಕೆ ಕೋರ್ಟು ಬೇಡ. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಮಟ್ಟದಲ್ಲಿ, ಮಂಜೂರಾತಿ ಜಿಲ್ಲಾಧಿಕಾರಿಯಿಂದ. ಈ ಯೋಜನೆ ಇದೆಯೆಂದು ಹಳ್ಳಿಗಳಲ್ಲಿ ಗೊತ್ತಿರುವವರು ಬಹಳ ಕಡಿಮೆ.

ನಾಲ್ಕನೆಯದು ಲಾರಿಯಲ್ಲೇ ದುಡಿಯುವವರಿಗೆ: ಚಾಲಕ, ಕ್ಲೀನರ್, ಹಮಾಲರು. ಇವರು ನೌಕರರ ಪರಿಹಾರ ಕಾನೂನಿನಡಿ ಕೇಳಬಹುದು, ಅಲ್ಲಿ ಮಾಲೀಕನ ತಪ್ಪು ತೋರಿಸಬೇಕಿಲ್ಲ, ಕೆಲಸದ ಮೇಲಿದ್ದಾಗ ಆಯಿತೆಂದರೆ ಸಾಕು. ಆದರೆ ಇದು ಮತ್ತು ನ್ಯಾಯಮಂಡಳಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು. ಎರಡೂ ಕಡೆ ಪರಿಹಾರ ಸಿಗುವುದಿಲ್ಲ.

ಲೋಡಿನ ಮೇಲೆ ಕೂತವರು

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಸ್ಸಿಲ್ಲದ ಊರುಗಳು ಇನ್ನೂ ಇವೆ. ಜಂಬಿಟ್ಟಿಗೆ ಲಾರಿಯ ಮೇಲೆ, ಗೊಬ್ಬರದ ಮೂಟೆಯ ಮೇಲೆ ನಾಲ್ಕಾರು ಜನ ಕೂತು ಬರುವುದು ಯಾರಿಗೂ ಹೊಸದಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದವರು, ಎದುರಿನ ಬೈಕಿನವರು ಕಾನೂನಿನ ಕಣ್ಣಲ್ಲಿ ಮೂರನೇ ವ್ಯಕ್ತಿಗಳು, ಅವರ ವಿಮೆಗೆ ತೊಂದರೆಯಿಲ್ಲ. ಸರಕಿನ ಒಡೆಯ ತನ್ನ ಸರಕಿನ ಜೊತೆ ಪ್ರಯಾಣಿಸುತ್ತಿದ್ದರೆ ಅವನಿಗೂ ವಿಮೆ ಉಂಟು. ಮಾಲೀಕನ ಕೂಲಿಯಾಳು, ಲೋಡು ಇಳಿಸಲು ಬಂದ ಹಮಾಲಿ, ಇವರಿಗೂ ನೌಕರರ ಲೆಕ್ಕದಲ್ಲಿ ಉಂಟು. ಆದರೆ ದಾರಿಯಲ್ಲಿ ಕೈ ಅಡ್ಡ ಹಿಡಿದು ಹತ್ತಿಕೊಂಡವರಿಗೆ, ಹತ್ತು ಇಪ್ಪತ್ತು ರೂಪಾಯಿ ಕೊಟ್ಟು ಕೂತವರಿಗೆ ವಿಮಾ ಕಂಪನಿ ಜವಾಬ್ದಾರಿಯಲ್ಲ ಎಂದು ಸುಪ್ರೀಂ ಕೋರ್ಟು ಆಶಾ ರಾಣಿ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಅಂಥವರು ಮಾಲೀಕನಿಂದಲೇ ವಸೂಲಿ ಮಾಡಬೇಕು, ಆದ್ದರಿಂದ ಮಾಲೀಕನ ಹೆಸರು ವಿಳಾಸ ಸರಿಯಾಗಿರಬೇಕು, ಅವನ ಆಸ್ತಿ ಎಲ್ಲಿದೆ ಎಂಬುದೂ ಗೊತ್ತಿರಬೇಕು.

ಇದು ಗೊತ್ತಾದ ಮೇಲೆ ಕೆಲವರು "ಕೂಲಿಗೆ ಹೋಗಿದ್ದೆ ಅಂತ ಬರೆಸಿ ಸಾರ್" ಎನ್ನುತ್ತಾರೆ. ಬೇಡ. ಎಫ್‌ಐಆರಿನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇದ್ದರೆ ಪಾಟೀಸವಾಲಿನಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಸುಳ್ಳು ಹಿಡಿದ ಮೇಲೆ ನಿಜವಾದ ಗಾಯವನ್ನೂ ಯಾರೂ ನಂಬುವುದಿಲ್ಲ.

ಆರು ತಿಂಗಳು

"ಅಪಘಾತದ ಕೇಸು ಯಾವಾಗ ಬೇಕಾದ್ರೂ ಹಾಕಬಹುದು" ಎನ್ನುವ ಹಿರಿಯರು ಊರಿಗೊಬ್ಬರಿದ್ದಾರೆ. ಅವರು ಹೇಳುವುದು ಒಂದು ಕಾಲಕ್ಕೆ ನಿಜವಾಗಿತ್ತು, 1994ರಿಂದ ಗಡುವೇ ಇರಲಿಲ್ಲ. 2019ರ ತಿದ್ದುಪಡಿ ಅದನ್ನು ಬದಲಿಸಿತು. 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಜಾರಿಯಲ್ಲಿದೆ. ಈ ಗಡುವನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂತು. ಹಾಗಾಗಿ ಆರು ತಿಂಗಳು ದಾಟಿದವರು ಕೈ ಚೆಲ್ಲಬೇಡಿ, ವಕೀಲರನ್ನು ಕೇಳಿ. ಆದರೆ ಈಗ ಅಪಘಾತವಾದವರು ಮಧ್ಯಂತರ ಆದೇಶದ ಮೇಲೆ ಬಾಳು ಕಟ್ಟಬೇಡಿ. ಚಿಕಿತ್ಸೆ ಮುಗಿಯಲಿ, ಕಂಬಿ ತೆಗೆಸಿದ ಮೇಲೆ ನೋಡೋಣ ಎಂದು ಕಾಯುವ ಅಗತ್ಯವೇ ಇಲ್ಲ. ಅರ್ಜಿ ಮೊದಲು ಹಾಕಿ, ಬಿಲ್ಲುಗಳನ್ನು ಸಾಕ್ಷ್ಯದ ಹೊತ್ತಿಗೆ ಸೇರಿಸಬಹುದು.

ಕೊನೆಗಾರನ ಕಾಲು: ಲೆಕ್ಕ ಹೇಗೆ

ಪರಿಹಾರದಲ್ಲಿ ಹಲವು ಬಾಬತ್ತು ಇರುತ್ತವೆ: ಆಸ್ಪತ್ರೆ ಮತ್ತು ಔಷಧಿ, ಓಡಾಟ, ಪಥ್ಯದ ಊಟ, ನೋಡಿಕೊಂಡವರ ಕೂಲಿ, ಮಲಗಿದ್ದ ತಿಂಗಳುಗಳ ದುಡಿಮೆ, ನೋವು, ಮುಂದಿನ ಆಪರೇಷನ್, ಮತ್ತೆ ಎಲ್ಲಕ್ಕಿಂತ ದೊಡ್ಡದು ದುಡಿಯುವ ಶಕ್ತಿ ಕುಂದಿದ್ದಕ್ಕೆ. ಈ ಕೊನೆಯದನ್ನು ಜನ ಕಳೆದುಕೊಳ್ಳುವುದು ಹೆಚ್ಚು.

ಒಬ್ಬ ಕೊನೆಗಾರನನ್ನು ಊಹಿಸಿಕೊಳ್ಳಿ. ವಯಸ್ಸು 34. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ. ಹರಡಿನ ಮೂಳೆ ಮುರಿದು ಕೂಡಿದೆ, ಆದರೆ ಪಾದ ಮೊದಲಿನಂತೆ ಮಡಚುವುದಿಲ್ಲ. ಡಾಕ್ಟರು ಕಾಲಿಗೆ 36 ಶೇಕಡಾ ಊನ ಎನ್ನುತ್ತಾರೆ. ಒಂದು ಅಂಗದ ಊನವನ್ನು ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಮೂರನೇ ಒಂದು ಭಾಗ ಹಿಡಿಯುವುದರಿಂದ 12 ಶೇಕಡಾ ಆಗುತ್ತದೆ.

ತಿಂಗಳ ಆದಾಯ 15,000 ಎಂದಿಟ್ಟುಕೊಳ್ಳೋಣ. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಯ ಬಾಬತ್ತು 40 ಶೇಕಡಾ ಸೇರಿಸಬೇಕು, 21,000 ಆಯಿತು. ವರ್ಷಕ್ಕೆ 2,52,000. ಮೂವತ್ತೊಂದರಿಂದ ಮೂವತ್ತೈದರ ವಯಸ್ಸಿಗೆ ಗುಣಕ 16, ಇದು ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ನಿಗದಿ ಮಾಡಿದ ಪಟ್ಟಿ. ಗುಣಿಸಿದರೆ 40,32,000. ಅದರ 12 ಶೇಕಡಾ ಅಂದರೆ 4,83,840.

ಆದರೆ ಮರ ಹತ್ತುವವನಿಗೆ ಹರಡು ಮಡಚದಿದ್ದರೆ ಹನ್ನೆರಡು ಶೇಕಡಾ ಕೆಲಸ ಹೋಯಿತೋ, ಪೂರ್ತಿ ಕಸುಬೇ ಹೋಯಿತೋ? ಡಾಕ್ಟರ ಶೇಕಡಾವಾರು ಬೇರೆ, ದುಡಿಮೆಗೆ ಬಿದ್ದ ಪೆಟ್ಟು ಬೇರೆ ಎಂದು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ನ್ಯಾಯಾಧೀಶರು ದುಡಿಮೆಯ ನಷ್ಟವನ್ನು 40 ಶೇಕಡಾ ಎಂದು ಹಿಡಿದರೆ ಅದೇ ಲೆಕ್ಕ 16,12,800 ಆಗುತ್ತದೆ. ಅದೇ ಮುರಿತ ಮೇಜಿನ ಮೇಲೆ ಬರೆಯುವ ನನ್ನಂಥವನಿಗೆ ಆಗಿದ್ದರೆ ಅಷ್ಟು ಬರುವುದಿಲ್ಲ, ಬರಬಾರದು ಕೂಡ.

ಹಾಗಾಗಿ ಕಸುಬಿನ ಪುರಾವೆ ಬೇಕು. ಕೊನೆಗಾರನಿಗೆ ಸಂಬಳ ಚೀಟಿ ಎಲ್ಲಿಂದ ಬರಬೇಕು? ಕೊಯ್ಲು ಮಾಡಿಸಿದ ತೋಟದವರು ಇಬ್ಬರು ಬಂದು ಸಾಕ್ಷಿ ಹೇಳಲಿ, ಅವರ ಲೆಕ್ಕದ ಪುಸ್ತಕ ಇದ್ದರೆ ತರಲಿ, ಫೋನ್‌ಪೇಯಲ್ಲಿ ಕೂಲಿ ಬಂದಿದ್ದರೆ ಬ್ಯಾಂಕಿನ ವಿವರ ತೆಗೆಸಿ. ಏನೂ ಇಲ್ಲದಿದ್ದರೆ, ಅಪಘಾತವಾದ ವರ್ಷಕ್ಕೆ ತಕ್ಕಂತೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಅಂದಾಜು ಆದಾಯದ ಪಟ್ಟಿಯನ್ನು ಕೋರ್ಟುಗಳು ನೋಡುತ್ತವೆ. ಅದು ಕೆಳಗಿನ ಮೆಟ್ಟಿಲು ಅಷ್ಟೇ.

ಬಿಲ್ಲುಗಳ ವಿಚಾರ ಒಂದೇ ಮಾತಿನಲ್ಲಿ: ಮೂಲ ಪ್ರತಿ, ಡಾಕ್ಟರ ಚೀಟಿಯ ಜೊತೆ ಪಿನ್ ಹೊಡೆದು, ದಿನಾಂಕದ ಕ್ರಮದಲ್ಲಿ. ಥರ್ಮಲ್ ಕಾಗದದ ಬಿಲ್ಲು ನಮ್ಮ ಮಳೆಗಾಲದ ಶೀತಕ್ಕೆ ಬಿಳಿ ಹಾಳೆಯಾಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ. ಮಣಿಪಾಲಕ್ಕೆ ಹೋಗಿಬಂದ ಟ್ಯಾಕ್ಸಿಯವರ ರಶೀದಿಯನ್ನೂ ಬಿಡಬೇಡಿ.

ವಿಮಾ ಕಂಪನಿ ಏನೆನ್ನುತ್ತದೆ

"ಓವರ್‌ಲೋಡ್ ಮಾಡಿ ಪಾಲಿಸಿಯ ಷರತ್ತು ಮುರಿದಿದ್ದಾರೆ, ನಾವು ಕೊಡುವುದಿಲ್ಲ." ಈ ಮಾತು ಕೇಳಿ ಎದೆ ಒಡೆದುಕೊಂಡವರನ್ನು ನೋಡಿದ್ದೇನೆ. ವಿಮಾ ಕಂಪನಿ ಮೂರನೇ ವ್ಯಕ್ತಿಯ ವಿರುದ್ಧ ಯಾವ ಯಾವ ಕಾರಣ ಹೇಳಬಹುದು ಎಂದು ಕಾಯ್ದೆಯ 150ನೇ ಕಲಮಿನಲ್ಲಿ ಪಟ್ಟಿಯಿದೆ. ಸರಕಿನ ತೂಕ ಹೆಚ್ಚಿತ್ತು ಎನ್ನುವುದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಓವರ್‌ಲೋಡ್ ಎಂದು ಹೇಳಿದರೆ ವಿಮೆ ತಪ್ಪಿಹೋದೀತು ಎಂದು ಹೆದರಿ ಸುಮ್ಮನಿರಬೇಕಾಗಿಲ್ಲ.

ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ, ಪರ್ಮಿಟ್ ಇರಲಿಲ್ಲ ಎಂಬ ವಾದಗಳು ಗಟ್ಟಿ. ಆಗಲೂ ಬಹುತೇಕ ನ್ಯಾಯಮಂಡಳಿಗಳು "ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ" ಎನ್ನುತ್ತವೆ. ವಿಮೆಯೇ ಇಲ್ಲದ ಲಾರಿಯಾದರೆ ಎಚ್ಚರ ಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ವಿಮೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಯಾವತ್ತಿನವರೆಗೆ ಇದೆ ಎಂದು ಮೊದಲ ವಾರವೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಿಮೆ ಇಲ್ಲವೆಂದು ಕಂಡರೆ ಮಾಲೀಕ ಗಾಡಿ ಬಿಡಿಸಿಕೊಳ್ಳಲು ಕೋರ್ಟಿಗೆ ಬಂದಾಗಲೇ ಭದ್ರತೆ ಕೇಳಿ ನಿಮ್ಮ ವಕೀಲರಿಂದ ಆಕ್ಷೇಪಣೆ ಹಾಕಿಸಿ. ಗಾಡಿ ಕೈಬಿಟ್ಟ ಮೇಲೆ ಮಾಲೀಕನನ್ನು ಹುಡುಕುವುದು ಕಾಡಿನಲ್ಲಿ ಬೀಡಿ ತುಂಡು ಹುಡುಕಿದ ಹಾಗೆ.

ಇನ್ನೊಂದು ವಾದ, ನಿಮ್ಮದೂ ತಪ್ಪಿತ್ತು ಎನ್ನುವುದು. ರಸ್ತೆ ಬದಿ ಕೆಟ್ಟು ನಿಂತ ದಿಮ್ಮಿ ಲಾರಿಗೆ ರಾತ್ರಿ ಬೈಕು ಹಿಂದಿನಿಂದ ಗುದ್ದಿದ ಪ್ರಕರಣಗಳಲ್ಲಿ ಇದು ಖಂಡಿತ ಬರುತ್ತದೆ. ಪಾರ್ಕಿಂಗ್ ಲೈಟು ಹಾಕಿರಲಿಲ್ಲ, ಕೆಂಪು ಬಾವುಟವಾಗಲೀ ಸೊಪ್ಪಾಗಲೀ ಕಟ್ಟಿರಲಿಲ್ಲ ಎಂಬ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೆಲ್ಮೆಟ್ ಇರಲಿಲ್ಲವೆಂದರೆ ತಲೆಗೆ ಆದ ಗಾಯದ ಪರಿಹಾರದಲ್ಲಿ ಕಡಿತ ಬೀಳಬಹುದು. ಬೈಕಿನ ಹಿಂದೆ ಕೂತವರಿಗೆ ಈ ಚಿಂತೆ ಕಡಿಮೆ: ಬೈಕಿನವನದೂ ಲಾರಿಯವನದೂ ಇಬ್ಬರದೂ ತಪ್ಪಿದ್ದರೆ ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು.

ವಾರ್ಡಿಗೆ ಬರುವ ಮಾಲೀಕ

ಎರಡನೇ ದಿನವೋ ಮೂರನೇ ದಿನವೋ ಒಬ್ಬರು ಹಣ್ಣಿನ ಚೀಲ ಹಿಡಿದು ಬರುತ್ತಾರೆ. ಮಾತು ಬಹಳ ಮೃದು. "ಅಕ್ಕಾ, ಕೇಸು ಗೀಸು ಯಾಕೆ? ಆಸ್ಪತ್ರೆ ಖರ್ಚು ನಾನೇ ನೋಡ್ಕತ್ತೀನಿ. ನಾವೂ ಇದೇ ಊರಿನೋರಲ್ವಾ." ಎಷ್ಟೋ ಸಲ ಅವರು ಒಳ್ಳೆಯ ಮನಸ್ಸಿನಿಂದಲೇ ಬಂದಿರುತ್ತಾರೆ. ಕೊಟ್ಟ ಹಣ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಬರೆದಿಟ್ಟುಕೊಳ್ಳಿ. ಛಾಪಾ ಕಾಗದದ ಮೇಲೆ "ನನ್ನದೇ ತಪ್ಪು, ಮುಂದೆ ಯಾವ ತಕರಾರೂ ಇಲ್ಲ" ಎಂಬುದಕ್ಕೆ ಮಾತ್ರ ಸಹಿ ಹಾಕಬೇಡಿ. ನಿಜ ಹೇಳಬೇಕೆಂದರೆ ವಿಮೆ ಇರುವ ಲಾರಿಯಾದರೆ ಹಣ ಹೋಗುವುದು ಅವರ ಜೇಬಿನಿಂದಲ್ಲ. ಅದನ್ನು ಅವರಿಗೂ ತಿಳಿಸಿ ಹೇಳಿದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ.

ವಕೀಲರ ಫೀಸು ಮೊದಲೇ ಮಾತಾಡಿ, ಬರೆಸಿಕೊಳ್ಳಿ. ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಒಪ್ಪಂದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ನಮ್ಮ ಕಸುಬಿನವರೇ ಇದನ್ನು ಓದಿ ಮುಖ ಸಿಂಡರಿಸಬಹುದು, ಇರಲಿ. ಆಸ್ಪತ್ರೆಯ ಬಾಗಿಲಲ್ಲೇ ವಕಾಲತ್ತು ಹಿಡಿದು ನಿಂತವರಿಗೆ ಸಹಿ ಕೊಡಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಕಚೇರಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ನಡುವೆ ವಿಮಾ ಕಂಪನಿಯೇ ರಾಜಿಗೆ ಬರಬಹುದು, ಇಲ್ಲವೇ ಲೋಕ ಅದಾಲತ್ತಿನಲ್ಲಿ ಕೂರಿಸಬಹುದು. ಬೇಗ ಮುಗಿಯುತ್ತದೆ, ಹಣ ಬೇಗ ಬರುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಅದಾಲತ್ತಿನಲ್ಲಿ ಒಪ್ಪಿ ಸಹಿ ಹಾಕಿದ್ದರ ಮೇಲೆ ಅಪೀಲಿಲ್ಲ. ಮೇಲೆ ಹೇಳಿದ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ. ಅವರು ಹೇಳಿದ ಮೊತ್ತ ಅದಕ್ಕಿಂತ ಸ್ವಲ್ಪ ಕಡಿಮೆಯಿದ್ದರೆ ಒಪ್ಪುವುದು ಜಾಣತನ. ಅರ್ಧಕ್ಕಿಂತ ಕಡಿಮೆಯಿದ್ದರೆ ಎದ್ದು ಬನ್ನಿ. ಕಾಲಿನೊಳಗೆ ಇನ್ನೂ ಕಂಬಿಯಿದ್ದರೆ ಅದನ್ನು ತೆಗೆಸುವ ಖರ್ಚಿನ ಅಂದಾಜು ಡಾಕ್ಟರಿಂದ ಬರೆಸಿ ತನ್ನಿ. ತೀರ್ಪಾದ ಮೇಲೆ ಆ ಹಣ ಕೇಳಲು ಮತ್ತೊಂದು ಬಾಗಿಲಿಲ್ಲ.

ತೀರ್ಪಿನ ಮೊತ್ತ ಕಡಿಮೆ ಅನ್ನಿಸಿದರೆ ಹೈಕೋರ್ಟಿಗೆ 90 ದಿನದೊಳಗೆ ಅಪೀಲು ಹಾಕಬಹುದು. ಶಿವಮೊಗ್ಗ ಜಿಲ್ಲೆಯ ಅಪೀಲು ಬೆಂಗಳೂರಿನ ಪೀಠಕ್ಕೆ ಹೋಗುತ್ತದೆ. ಸಾಗರದಿಂದ ಒಂದು ಗಂಟೆ ದಾರಿಯೂ ಇಲ್ಲದ, ಆದರೆ ಉತ್ತರ ಕನ್ನಡ ಜಿಲ್ಲೆಗೆ ಸೇರಿದ ಸಿದ್ದಾಪುರದವರದು ಧಾರವಾಡದ ಪೀಠಕ್ಕೆ. ತೀರ್ಪಿನ ದೃಢೀಕೃತ ನಕಲಿಗೆ ಆವತ್ತೇ ಅರ್ಜಿ ಹಾಕಿಬಿಡಿ, ನಕಲು ಕೈಗೆ ಬರಲೂ ದಿನ ಹಿಡಿಯುತ್ತದೆ.